ಮುನ್ನೂರ ಹನ್ನೊಂದನೇ ಪುಟದ ಈರುಳ್ಳಿ

ಕಡಲ ದಂಡೆಯ ನಮ್ಮ ಬ್ಯಾರಲ್ ಕೋವ್ ಊರಿನಲ್ಲಿ ಎಂಟುನೂರು ಜನ ಇದ್ದೇವೆ. ಎಂಟುನೂರು ಜನವೂ ‘ಒಂಬತ್ತನೇ ದೋಣಿ’ ಎಂಬ ಕೊಲೆ ಕಾದಂಬರಿಯನ್ನು ಓದಿದ್ದಾರೆ. ಹಾಗೆಂದು ಅವರು ಹೇಳುತ್ತಾರೆ, ನಾನಲ್ಲ. ನಾನು ಈ ಊರಿನ ಗ್ರಂಥಪಾಲಕಿ ಹೆಸ್ಟರ್. ಹತ್ತೊಂಬತ್ತು ವರ್ಷದಿಂದ ಪುಸ್ತಕ ಕೊಡುವುದು, ಪುಸ್ತಕ ತೆಗೆದುಕೊಳ್ಳುವುದು, ನಡುವೆ ಬಾಯಿ ಮುಚ್ಚಿಕೊಂಡಿರುವುದು ನನ್ನ ಕೆಲಸ. ಊರಿನವರ ಬಗ್ಗೆ ನನಗೆ ಗೊತ್ತಿರುವಷ್ಟು ಪಾದ್ರಿಗಳಿಗೂ ಗೊತ್ತಿಲ್ಲ, ಪೊಲೀಸರಿಗಂತೂ ಇಲ್ಲವೇ ಇಲ್ಲ.

ಆ ಕಾದಂಬರಿಯ ಆರು ಪ್ರತಿಗಳು ನನ್ನ ಕಪಾಟಿನಲ್ಲಿವೆ. ಐದು ಪ್ರತಿಗಳಲ್ಲಿ ಮೂವತ್ತೇಳನೇ ಪುಟದವರೆಗೆ ಚಹಾ ಕಲೆ, ಪೈ ತಿಂದ ಬೆರಳಿನ ಗುರುತು, ಒಂದೆರಡು ಕಡೆ ಟೊಮೆಟೊ ಸಾಸ್. ಮೂವತ್ತೆಂಟರಿಂದ ನಾನೂರ ಎಂಬತ್ತರವರೆಗೆ ಪುಟಗಳು ತೊಳೆದ ಅಕ್ಕಿಯ ಹಾಗೆ ಬೆಳ್ಳಗಿವೆ. ಮೂವತ್ತೆಂಟನೇ ಪುಟದಲ್ಲಿ ಏನಾಗುತ್ತದೆಂದರೆ, ಹೆಣ ಕಡಲಿಗೆ ಬಿದ್ದ ಹೊತ್ತನ್ನು ಕಂಡುಹಿಡಿಯಲು ಪತ್ತೇದಾರ ಕಡಲಿನ ಉಬ್ಬರ ಇಳಿತದ ಲೆಕ್ಕ ಶುರು ಮಾಡುತ್ತಾನೆ. ಹನ್ನೊಂದು ಪುಟ ಲೆಕ್ಕ. ಕೋಷ್ಟಕ ಬೇರೆ. ಯಾಕೆಂದರೆ ಬರೆದವರು ಮಿಸ್ ಇಸೊಬೆಲ್ ಕ್ರೂಕ್ಸ್. ನಲವತ್ತು ವರ್ಷ ಈ ಊರಿನ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು. ನಿವೃತ್ತಿಯಾದ ಮೇಲೆ ಅವರು ಒಂದೇ ಊರಿನ ಎಂಟು ಜನರನ್ನು ಸಾಯಿಸುವ ಪುಸ್ತಕ ಬರೆದರು. ಅವರ ಹಳೆಯ ವಿದ್ಯಾರ್ಥಿಗಳನ್ನು ನೋಡಿದವರು ಯಾರೂ ಕಾರಣ ಕೇಳಲಿಲ್ಲ.

ಉಳಿದ ಒಂದು ಪ್ರತಿ, ನನ್ನ ಲೆಕ್ಕದಲ್ಲಿ ನಾಲ್ಕನೇ ನಂಬರಿನದು, ಬೇರೆ ಥರ. ಅದರ ರಟ್ಟು ಸವೆದು ನಾರಾಗಿದೆ, ಮುನ್ನೂರ ಹನ್ನೊಂದನೇ ಪುಟ ತಾನಾಗಿಯೇ ತೆರೆದುಕೊಳ್ಳುತ್ತದೆ, ಮೂಸಿದರೆ ಈರುಳ್ಳಿ ವಾಸನೆ. ಅದನ್ನು ವರ್ಷಕ್ಕೊಮ್ಮೆ ಒಯ್ಯುತ್ತಿದ್ದವನು ಆಥೊಲ್ ಟಕ್‌ವೆಲ್. ಪುರಸಭೆಯ ಹುಲ್ಲು ಕತ್ತರಿಸುವ ಗಾಡಿ ಓಡಿಸಿ ನಿವೃತ್ತನಾದವನು. ಬೇಸಿಗೆ ಚಳಿಗಾಲ ಎನ್ನದೆ ಹೆಂಡತಿ ನೋಲೀನ್ ಹೆಣೆದುಕೊಟ್ಟ ಸಾಸಿವೆ ಬಣ್ಣದ ಉಲ್ಲನ್ ಟೋಪಿ ಹಾಕಿಕೊಳ್ಳುವವನು.

ಈಗ ಇಕ್ಕಳದ ವಿಷಯ ಹೇಳಬೇಕು, ಇಲ್ಲದಿದ್ದರೆ ಕಥೆ ನಿಲ್ಲುವುದಿಲ್ಲ.

ಊರಿನವರೇ ಸೇರಿ ನಡೆಸುವ ನಮ್ಮ ಸ್ವಯಂಸೇವಕ ಅಗ್ನಿಶಾಮಕ ದಳದವರು ಪ್ರತಿ ಶನಿವಾರ ಶೆಡ್ಡಿನ ಮುಂದೆ ಒಲೆ ಹೂಡಿ ಸಾಸೇಜ್ ಸುಡುತ್ತಾರೆ. ಬ್ರೆಡ್ಡಿನ ಮೇಲೊಂದು ಸಾಸೇಜ್, ಮೇಲೆ ಬಾಡಿಸಿದ ಈರುಳ್ಳಿ. ಅಲ್ಲಿ ಇಕ್ಕಳ ಹಿಡಿದವನೇ ದೊರೆ. ಇಕ್ಕಳ ಹಿಡಿದವನಿಗೆ ಯಾರೂ ಬುದ್ಧಿ ಹೇಳುವ ಹಾಗಿಲ್ಲ. ಅವನು ಮೊದಲ ಸಾಸೇಜ್ ಮುಟ್ಟುವ ಮುಂಚೆ ಇಕ್ಕಳವನ್ನು ಎರಡು ಸಲ ಟಕ್ ಟಕ್ ಎನ್ನಿಸುತ್ತಾನೆ. ಯಾಕೆಂದು ಯಾರಿಗೂ ಗೊತ್ತಿಲ್ಲ, ಆದರೆ ಎನ್ನಿಸದಿದ್ದರೆ ಜನ ಸಾಲಿನಲ್ಲಿ ನಿಲ್ಲುವುದಿಲ್ಲ. ನಮ್ಮೂರಿನ ಇಕ್ಕಳ, ದಳದ ಮುಖ್ಯಸ್ಥನೂ ಮಾಂಸದಂಗಡಿಯವನೂ ಆದ ಗಾರ್ಥ್ ಹ್ಯಾನಿಗನ್ ಕೈಯಲ್ಲಿತ್ತು. ಆಥೊಲ್ ಮೂವತ್ತೊಂದು ವರ್ಷದಿಂದ ಪಕ್ಕದ ಮೇಜಿನಲ್ಲಿ ಈರುಳ್ಳಿ ಹೆಚ್ಚುತ್ತಿದ್ದ.

ಹೀಗಿರುವಾಗ ಗಾರ್ಥ್‌ನ ಎರಡೂ ಮಂಡಿ ಕೈಕೊಟ್ಟವು. ವೈದ್ಯರು ಆಪರೇಷನ್ ಎಂದರು. ದಳಕ್ಕೆ ಎಪ್ಪತ್ತೈದು ವರ್ಷ ತುಂಬುವ ದಿನ ಇಕ್ಕಳವನ್ನು ಮುಂದಿನವರಿಗೆ ಒಪ್ಪಿಸುತ್ತೇನೆಂದು ಗಾರ್ಥ್ ಘೋಷಿಸಿದ. ದೇಶದ ಪ್ರಧಾನಿ ಬದಲಾದಾಗಲೂ ಊರಿನಲ್ಲಿ ಅಷ್ಟು ಮಾತಾಗಿರಲಿಲ್ಲ.

“ಬೇಕರಿ ಡೆನ್ಝಿಲ್‌ಗೇ ಕೊಡೋದು ಅಂತ ಇದೀನಿ,” ಎಂದ ಗಾರ್ಥ್, ಪಬ್ಬಿನಲ್ಲಿ, ಎಲ್ಲರೆದುರು. “ಬೆಂಕಿ ಪಳಗಿದ ಕೈ.”

ಆಥೊಲ್ ಬಿಯರ್ ಲೋಟ ಕೆಳಗಿಟ್ಟ. “ನಾನೂ ಇದೀನಲ್ಲ ಗಾರ್ಥ್?”

“ನೀನು ಈರುಳ್ಳಿ ಕಣಯ್ಯ.”

“ಮೂವತ್ತೊಂದು ವರ್ಷ ಆಯ್ತು.”

“ಅದಕ್ಕೇ ಹೇಳಿದ್ದು. ಅಷ್ಟು ವರ್ಷ ಈರುಳ್ಳಿ ಹೆಚ್ಚಿದೋನು ಈರುಳ್ಳಿನೇ ಆಗೋಗಿರ್ತಾನೆ. ಇಕ್ಕಳ ಹಿಡಿಯೋನಿಗೆ ಒಂದು ಗತ್ತು ಬೇಕು ಮಾರಾಯ. ನೀನು ಇದೀಯ ಅಂತ ಊರಲ್ಲಿ ಯಾರಿಗ್ ಗೊತ್ತು?”

ಜನ ನಕ್ಕರು. ಆಥೊಲ್‌ನ ಕಿವಿ ಕೆಂಪಾಯಿತು. ಆಗ, ಹುಟ್ಟಿದ ಮೇಲೆ ಮೊದಲ ಸಲ, ಆ ಮನುಷ್ಯನ ಬಾಯಿಂದ ಒಂದು ದೊಡ್ಡ ಮಾತು ಬಂತು.

“ನಾನು ಮಿಸ್ ಇಸೊಬೆಲ್ ಅವರ ಪುಸ್ತಕದಲ್ಲಿದೀನಿ.”

ಯಾರಾದರೂ ‘ಯಾವ ಪಾತ್ರ?’ ಎಂದು ಕೇಳಬಹುದಿತ್ತು. ಕೇಳಿದರೆ ತಾನು ಪುಸ್ತಕ ಓದಿಲ್ಲ ಎಂದು ಒಪ್ಪಿಕೊಂಡಂತೆ. ಹಾಗಾಗಿ ಎಲ್ಲರೂ ತಲೆದೂಗಿದರು.

“ಹೂಂ, ಅದು ಗೊತ್ತಿರೋದೇ,” ಎಂದ ಡೆನ್ಝಿಲ್. “ಓದುವಾಗಲೇ ಅನ್ಕೊಂಡೆ, ಇದು ನಮ್ಮ ಆಥೊಲ್ ಅಲ್ವಾ ಅಂತ.”

ಸುಳ್ಳು ಹೇಳಿದವನು ಡೆನ್ಝಿಲ್. ಆಥೊಲ್ ಹೇಳಿದ್ದು ನಿಜ. ಮುನ್ನೂರ ಹನ್ನೊಂದನೇ ಪುಟದಲ್ಲಿ ಪತ್ತೇದಾರ ಅಗ್ನಿಶಾಮಕ ಶೆಡ್ಡಿಗೆ ವಿಚಾರಣೆಗೆ ಬರುತ್ತಾನೆ. ಅಲ್ಲಿ ಹೀಗಿದೆ: ‘ಸಾಸಿವೆ ಬಣ್ಣದ ಟೋಪಿಯವನೊಬ್ಬ ಈರುಳ್ಳಿ ಹೆಚ್ಚುತ್ತಿದ್ದ. ಅವನು ತಲೆ ಎತ್ತಲಿಲ್ಲ.’ ಇಷ್ಟೇ. ಎರಡು ವಾಕ್ಯ. ಪತ್ತೇದಾರ ಆಚೆ ಹೋಗುತ್ತಾನೆ, ಈರುಳ್ಳಿಯವನು ಮತ್ತೆ ಬರುವುದಿಲ್ಲ.

ಆದರೆ ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಊರು ನಮ್ಮದು. ಸೋಮವಾರ ಆಥೊಲ್ ಪುಸ್ತಕದಲ್ಲಿದ್ದ. ಬುಧವಾರದ ಹೊತ್ತಿಗೆ ಪುಸ್ತಕದಲ್ಲಿ ಮುಖ್ಯನಾದ. ಶುಕ್ರವಾರ ನೋಲೀನ್ ನನ್ನ ಮೇಜಿನ ಮುಂದೆ ಬಂದು, ಕೊರಳು ಕೊಂಕಿಸಿ, “ನಮ್ಮೆಜಮಾನರು ಇಲ್ದಿದ್ರೆ ಆ ಕಾದಂಬರಿ ಮುಂದಕ್ಕೇ ಹೋಗ್ತಿರ್ಲಿಲ್ವಂತೆ ಹೆಸ್ಟರ್!” ಎಂದಳು. ಅವಳು ಹೆಣಿಗೆಯ ನಮೂನೆ ಪುಸ್ತಕ ಬಿಟ್ಟು ಬೇರೇನೂ ಓದಿದವಳಲ್ಲ. ಮುಖ ಅಷ್ಟು ಬೆಳಗುತ್ತಿತ್ತು, ನಾನು ಏನು ಹೇಳಲಿ? “ಹೌದಮ್ಮ,” ಎಂದೆ.

ಅಷ್ಟರಲ್ಲಿ ಟೀವಿಯವರು ಬಂದರು.

ಸಿಡ್ನಿಯಿಂದ ನಾಲ್ಕು ದೊಡ್ಡ ಲಾರಿ, ಹನ್ನೆರಡು ಕಾರು. ‘ಒಂಬತ್ತನೇ ದೋಣಿ’ಯನ್ನು ಆರು ವಾರದ ಧಾರಾವಾಹಿ ಮಾಡುತ್ತಾರಂತೆ. ಊರು ಕಣ್ಣು ಬಾಯಿ ಬಿಟ್ಟುಕೊಂಡು ನೋಡಿತು. ಪುರಸಭೆ ದೋಣಿಗಳು ನಿಲ್ಲುವ ಜೆಟ್ಟಿಗೆ ಹೊಸದಾಗಿ ಬಣ್ಣ ಬಳಿಸಿ ಎರಡು ವಾರವಾಗಿತ್ತು; ಅವರು ಬಂದು ಅದರ ಮೇಲೆ ಬಣ್ಣ ಕಿತ್ತುಹೋದಂತೆ ಕಾಣುವ ಇನ್ನೊಂದು ಬಣ್ಣ ಬಳಿದರು. ಜನ ಗುಂಪುಗೂಡಿ ಅದನ್ನೂ ಚಪ್ಪಾಳೆ ತಟ್ಟಿ ನೋಡಿದರು.

ಚಿತ್ರಕಥೆ ಬರೆಯುವ ಹುಡುಗಿ ತಾಲಿಯಾ ರೆನ್. ಕೈಯಲ್ಲಿ ಸದಾ ಕಾಗದದ ಲೋಟದ ಕಾಫಿ, ಕಣ್ಣ ಕೆಳಗೆ ಕಪ್ಪು. ಪಾಪ, ಒಳ್ಳೆಯ ಹುಡುಗಿ. ಮಾಡಿದ ತಪ್ಪೊಂದೇ: ನಮ್ಮ ಮಾತು ನಂಬಿದ್ದು. ಪುರಸಭಾ ಭವನದಲ್ಲಿ ಸಭೆ ಕರೆದಳು. ಮುಂದಿನ ಸಾಲಿನಲ್ಲಿ ಮಿಸ್ ಇಸೊಬೆಲ್, ಎಂಬತ್ತಮೂರರ ವಯಸ್ಸು, ಕೋಲಿನ ಮೇಲೆ ಎರಡೂ ಕೈ. ಊರಿನ ಸಭೆಗೆ ಬಂದರೆ ಕಿವಿಯ ಯಂತ್ರ ಆರಿಸಿಬಿಡುವುದು ಅವರ ಹಳೆಯ ಅಭ್ಯಾಸ.

“ನೀವೆಲ್ಲ ಈ ಪುಸ್ತಕಾನ ಎಷ್ಟು ಹಚ್ಕೊಂಡಿದೀರ ಅಂತ ಗೊತ್ತು,” ಎಂದಳು ತಾಲಿಯಾ. “ಟೀವಿ ಅಂದ್ಮೇಲೆ ಅಲ್ಪಸ್ವಲ್ಪ ಬದಲಾಯಿಸ್ಲೇಬೇಕು. ಯಾವ್ದನ್ನ ಮುಟ್ಟಬಾರದು, ನೀವೇ ಹೇಳಿ.”

ಇನ್ನೂರು ಜನ ತಮ್ಮ ತಮ್ಮ ಬೂಟು ನೋಡಿಕೊಂಡರು. ಕೊನೆಗೆ ನಾಯಕನಾದವನು ಮಾತಾಡಲೇಬೇಕಲ್ಲ, ಗಾರ್ಥ್ ಎದ್ದ.

“ಆ ಕುದುರೆ ಇದೆಯಲ್ಲ,” ಎಂದ. “ಅದನ್ನ ಮಾತ್ರ ಮುಟ್ಟಬೇಡಿ.”

ಪುಸ್ತಕದಲ್ಲಿ ಕುದುರೆ ಇಲ್ಲ. ಕತ್ತೆಯೂ ಇಲ್ಲ. ತಾಲಿಯಾ ಗಾಬರಿಯಿಂದ ತನ್ನ ಪ್ರತಿ ತಿರುವಿದಳು.

“ಕುದುರೆ... ಯಾವ ಅಧ್ಯಾಯದ್ದು?”

“ಅಧ್ಯಾಯ ಗೀಧ್ಯಾಯ ನಂಗೊತ್ತಿಲ್ಲ ಕಣಮ್ಮ, ಮನಸ್ಸಲ್ಲಿ ಕೂತ್ಬಿಟ್ಟಿದೆ.”

“ಹೌದೌದು, ಕುದುರೆ!” ಡೆನ್ಝಿಲ್ ಎದೆ ಮುಟ್ಟಿಕೊಂಡ. “ಅಲ್ಲಿ ನಾನು ಅತ್ತೇಬಿಟ್ಟೆ.”

“ಸಮುದ್ರದ ದಂಡೆ ಮೇಲೆ ಓಡುತ್ತಲ್ಲ,” ಎಂದರು ಹಿಂದಿನಿಂದ ಇನ್ಯಾರೋ.

“ಬಿಳೀದು,” ಎಂದರು ಮತ್ತೊಬ್ಬರು.

ತಾಲಿಯಾ ಬರೆದುಕೊಂಡಳು. ಇಷ್ಟು ಮುಖ್ಯವಾದ ಕುದುರೆಯನ್ನು ತಾನು ಹೇಗೆ ಓದದೆ ಬಿಟ್ಟೆ ಎಂಬ ನಾಚಿಕೆ ಅವಳ ಮುಖದಲ್ಲಿ ಕಾಣುತ್ತಿತ್ತು. “ನನ್ನ ದೊಡ್ಡ ಕಷ್ಟ ಇನ್ನೊಂದಿದೆ,” ಎಂದಳು. “ಕೊಲೆಗಾರ ಯಾರು ಅಂತ ನಿಮಗೆಲ್ಲ ಗೊತ್ತು. ದೇಶದಲ್ಲಿ ಈ ಪುಸ್ತಕ ಓದಿದೋರಿಗೆಲ್ಲ ಗೊತ್ತು. ಗೊತ್ತಿದ್ದ ಮೇಲೆ ಟೀವಿ ಮುಂದೆ ಯಾರು ಕೂತ್ಕೋತಾರೆ? ದಯವಿಟ್ಟು ಹೊರಗಿನೋರಿಗೆ ಹೇಳ್ಬೇಡಿ.”

“ಪ್ರಾಣ ಹೋದ್ರೂ ಬಾಯಿ ಬಿಡಲ್ಲ!” ಎಂದ ಗಾರ್ಥ್. ಆ ಸಭೆಯಲ್ಲಿ ಬಂದ ಒಂದೇ ಒಂದು ಪ್ರಾಮಾಣಿಕ ಮಾತು ಅದು.

ಆಗ ನೋಲೀನ್ ಎದ್ದು ನಿಂತಳು. ಆಥೊಲ್ ಅವಳ ಕೋಟಿನ ತುದಿ ಹಿಡಿದು ಎಳೆದ. ಅವಳು ಕೈ ಕೊಡವಿದಳು.

“ಏನಾದ್ರೂ ಬದಲಾಯ್ಸಿ, ನಮ್ಮ ಆಥೊಲ್ ಪಾತ್ರಕ್ಕೆ ಮಾತ್ರ ಕತ್ತರಿ ಹಾಕ್ಬೇಡಿ.”

“ಅವರ ಪಾತ್ರ ಯಾವುದು ಅಮ್ಮ?”

“ಅದನ್ನೂ ನಾವೇ ಹೇಳ್ಬೇಕಾ? ಈರುಳ್ಳಿ!”

ಭವನವೆಲ್ಲ ಚಪ್ಪಾಳೆ. ಮಿಸ್ ಇಸೊಬೆಲ್ ಕೂಡ ಸುತ್ತ ನೋಡಿ ತಟ್ಟಿದರು. ಆಥೊಲ್ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡ. ಗಾರ್ಥ್‌ಗೆ ಉತ್ಸಾಹ ಉಕ್ಕಿತು. “ಆಯ್ತು, ಎಲ್ಲರೆದುರೇ ಹೇಳ್ತೀನಿ,” ಎಂದ. “ಟೀವಿಲಿ ಆಥೊಲ್‌ದು ನಿಜವಾಗ್ಲೂ ದೊಡ್ಡ ಪಾತ್ರ ಆಗಿದ್ರೆ ಇಕ್ಕಳ ಅವನಿಗೆ. ಅಲ್ಲಾಂದ್ರೆ ಡೆನ್ಝಿಲ್‌ಗೆ. ಹ್ಯಾನಿಗನ್ ಮಾತು ಅಂದ್ರೆ ಮಾತು.”

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ತಾಲಿಯಾ ಗ್ರಂಥಾಲಯದ ಮೆಟ್ಟಿಲ ಮೇಲಿದ್ದಳು. “ಈರುಳ್ಳಿ ಎಲ್ಲಿದೆ ಮೇಡಂ?” ನಾನು ನಾಲ್ಕನೇ ಪ್ರತಿ ಕೊಟ್ಟೆ. ಅದು ತಾನಾಗಿ ತೆರೆದುಕೊಂಡಿತು. ಎರಡು ವಾಕ್ಯ ಓದಲು ಅವಳು ಹತ್ತು ನಿಮಿಷ ತೆಗೆದುಕೊಂಡಳು.

“ಇವನು ಯಾಕೆ ತಲೆ ಎತ್ತಲಿಲ್ಲ?”

“ಈರುಳ್ಳಿ ಹೆಚ್ತಿದಾನೆ ಕಣಮ್ಮ.”

“ಅಲ್ಲ ಮೇಡಂ. ಊರಲ್ಲಿ ಎಂಟು ಕೊಲೆ ಆಗಿದೆ. ಪೊಲೀಸ್ನೋರು ಬಂದು ಎದುರಿಗೇ ನಿಂತಿದಾರೆ. ನಾಯಿ ಕೂಡ ತಲೆ ಎತ್ತಿ ನೋಡುತ್ತೆ. ಇವನೊಬ್ಬ ಯಾಕೆ ನೋಡಲಿಲ್ಲ?”

ಕಾಫಿ ಲೋಟ ನನ್ನ ಮೇಜಿನ ಮೇಲೇ ಬಿಟ್ಟು ಅವಳು ಓಡಿದಳು. ಆ ಓಟದ ಅರ್ಥ ನನಗೆ ತಿಳಿದದ್ದು ಏಳು ತಿಂಗಳ ಮೇಲೆ. ಆವತ್ತು ನಾನು ಲೋಟ ಎತ್ತಿ ಮೇಜು ಒರೆಸಿದೆ, ಅಷ್ಟೇ.

ಚಿತ್ರೀಕರಣ ಮುಗಿಯಿತು, ಲಾರಿಗಳು ಹೋದವು. ಉಡುಪಿನ ವಿಭಾಗದವರು ಆಥೊಲ್‌ನ ಟೋಪಿಯನ್ನು ಎರವಲು ಪಡೆದು ಒಗೆದು ವಾಪಸ್ ಕಳಿಸಿದ್ದರು. ನೋಲೀನ್ ಅದನ್ನು ಗಾಜಿನ ಬೀರುವಿನಲ್ಲಿಟ್ಟಳು. ಅಂದಿನಿಂದ ಆಥೊಲ್‌ಗೆ ಬೋಳುತಲೆಯೇ ಗತಿಯಾಯಿತು. ಧಾರಾವಾಹಿ ಶುರುವಾಗುವ ವಾರ ಅವನು ಗ್ರಂಥಾಲಯಕ್ಕೆ ಬಂದ. ಮುಖ ಬಿಳಿಚಿಕೊಂಡಿತ್ತು.

“ಹೆಸ್ಟರ್, ನಾನು ಕೆಟ್ಟೆ. ಎರಡು ಸಾಲಿನೋನು ಅಂತ ಟೀವಿಲಿ ಗೊತ್ತಾಗ್ಬಿಡುತ್ತೆ. ಇಕ್ಕಳ ಹೋದ್ರೆ ಹೋಗ್ಲಿ... ಅಲ್ಲ, ಅದೂ ಹೋಗಬಾರ್ದು. ನೋಲೀನ್ ಮುಖ ಹೆಂಗೆ ನೋಡ್ಲಿ?”

“ನಿಜ ಹೇಳ್ಬಿಡು ಆಥೊಲ್.”

“ಹೇಳ್ತೀನಿ, ಹೇಳ್ತೀನಿ. ಅದಕ್ಕೆ ಮುಂಚೆ ಆ ಪುಸ್ತಕ ಕೊಡು. ಆರೂ ಕೊಡು. ಯಾರಾದ್ರೂ ಈಗ ಓದಕ್ಕೆ ಶುರು ಮಾಡಿದ್ರೆ?”

ಒಂದು ಕಾರ್ಡಿಗೆ ಆರು ಪುಸ್ತಕ ನಮ್ಮ ನಿಯಮ. ಆರೂ ಒಂದೇ ಪುಸ್ತಕವಾಗಿರಬಾರದೆಂದು ಯಾರೂ ಬರೆದಿಟ್ಟಿಲ್ಲ. ಮುದ್ರೆ ಒತ್ತಿ ಕೊಟ್ಟೆ. ಅವನು ಆರನ್ನೂ ಹುಲ್ಲು ತುಂಬುವ ಚೀಲದಲ್ಲಿ ಹಾಕಿಕೊಂಡು ಹೋದ.

ಭಾನುವಾರ ಸಂಜೆ ಮೊದಲ ಕಂತು ಬಂತು. ನಾನು ಬೆರಗಾಗಿ ಕೂತೆ. ಪುಸ್ತಕದ ಪತ್ತೇದಾರನಿಗೆ ಅರವತ್ತೆರಡು ವರ್ಷ, ಹೊಟ್ಟೆ ಇದೆ, ಕಾಲ್ಬೆರಳಲ್ಲಿ ಊತ, ಹೆಂಡತಿ ತೀರಿಕೊಂಡಿದ್ದಾಳೆ. ಟೀವಿಯಲ್ಲಿ ಪತ್ತೇದಾರಿಣಿ, ಅವಳಿಗೆ ಮೂವತ್ತು. ದಿನಾ ಬೆಳಿಗ್ಗೆ ಕಡಲಿನಲ್ಲಿ ಈಜುತ್ತಾಳೆ. ಗಂಡ ಬದುಕಿದ್ದಾನೆ, ಬೇಡವಾಗಿದ್ದಾನೆ. ಪುಸ್ತಕದಲ್ಲಿ ಕೊರೆಯುವ ಚಳಿಗಾಲ, ಟೀವಿಯಲ್ಲಿ ಸುಡುವ ಬೇಸಿಗೆ. ಒಂಬತ್ತು ದೋಣಿಗಳ ಬದಲು ಮೂರು. ಹೆಸರು ಮಾತ್ರ ಒಂಬತ್ತನೇ ದೋಣಿಯೇ. ನಡುವೆ ಒಂದು ಬಿಳಿ ಕುದುರೆ ಕಡಲ ದಂಡೆಯ ಮೇಲೆ ನಿಧಾನವಾಗಿ ಓಡಿತು. ಮರುದಿನ ಇಡೀ ಊರಿಗೆ ಕುದುರೆಯದೇ ಧ್ಯಾನ.

“ಪುಸ್ತಕದಲ್ಲಿ ಹೆಂಗಿದ್ಯೋ ಹಂಗೇ ತೆಗ್ದಿದಾರೆ!” ಎಂದ ಡೆನ್ಝಿಲ್, ಬ್ರೆಡ್ಡು ಕಟ್ಟಿಕೊಡುತ್ತಾ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಎರಡನೇ ವಾರ ಆಥೊಲ್ ನನ್ನ ಬಾಗಿಲು ಬಡಿದ. “ಹೆಸ್ಟರ್! ಡಾಕ್ಟರನ್ನ ಸಾಯಿಸ್ಬಿಟ್ರು!”

“ನೋಡಿದೆ ಮಾರಾಯ.”

“ಪುಸ್ತಕದಲ್ಲಿ ಕೊಲೆ ಮಾಡೋನೇ ಅವನು ಅಲ್ವಾ! ಅವನೇ ಸತ್ರೆ ಇನ್ನು ಕೊಲೆ ಮಾಡೋರ್ಯಾರು?”

ಊರಿನಲ್ಲಿ ಈ ಪ್ರಶ್ನೆ ಎದ್ದದ್ದು ನಮ್ಮಿಬ್ಬರಿಗೇ. ಮಿಸ್ ಇಸೊಬೆಲ್ ಮನೆಯಲ್ಲಿ ಟೀವಿ ಇಲ್ಲ. ಉಳಿದವರಿಗೆ ಡಾಕ್ಟರು ಸಾಯುವುದು ಪುಸ್ತಕದಲ್ಲಿದ್ದ ಹಾಗೇ ಕಂಡಿತು.

ಕೊನೆಯ ಕಂತನ್ನು ಒಂದು ದಿನ ಮುಂಚೆ, ಶನಿವಾರ ಬೆಳಿಗ್ಗೆ, ನಮ್ಮೂರಿನವರಿಗೇ ಮೊದಲು ತೋರಿಸುತ್ತೇವೆಂದು ಟೀವಿಯವರು ಹೇಳಿ ಕಳಿಸಿದರು. ಅದೇ ದಿನ ದಳದ ಎಪ್ಪತ್ತೈದನೇ ವರ್ಷದ ಔತಣ. ಬೆಂಕಿ ಆರಿಸುವ ಲಾರಿಗಳನ್ನು ಹೊರಗೆ ನಿಲ್ಲಿಸಿ ಶೆಡ್ಡಿನಲ್ಲಿ ಪರದೆ ಕಟ್ಟಿದರು. ಹೊರಗೆ ಒಲೆ ಸಿದ್ಧ, ಇಕ್ಕಳ ಒಂದು ಬಿಳಿ ಬಟ್ಟೆಯ ಮೇಲೆ ಸಿದ್ಧ. ಮಿಸ್ ಇಸೊಬೆಲ್ ಕಿವಿಯ ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿಸಿಕೊಂಡು, ನೀಲಿ ಕೋಟು ತೊಟ್ಟು ಮುಂದೆ ಕುಳಿತರು. ನೋಲೀನ್ ಕೇಶಾಲಂಕಾರ ಮಾಡಿಸಿಕೊಂಡಿದ್ದಳು. ಆಥೊಲ್ ಗಲ್ಲಿಗೆ ಹೋಗುವವನ ಹಾಗೆ ಅವಳ ಪಕ್ಕ ಕೂತ.

ನಲವತ್ತು ನಿಮಿಷ ಈರುಳ್ಳಿಯ ಸುಳಿವಿಲ್ಲ. ಡೆನ್ಝಿಲ್ ಎರಡು ಸಲ ಹೊರಗಿನ ಇಕ್ಕಳದ ಕಡೆ ನೋಡಿದ.

ಆಮೇಲೆ ಪರದೆಯ ಮೇಲೆ ಇದೇ ಶೆಡ್ಡು ಬಂತು. ಒಬ್ಬ ಆರಡಿ ಎತ್ತರದ ನಟ, ಚೌಕ ದವಡೆ, ತಲೆ ಮೇಲೆ ಸಾಸಿವೆ ಬಣ್ಣದ ಟೋಪಿ. ಈರುಳ್ಳಿ ಹೆಚ್ಚುತ್ತಿದ್ದಾನೆ. ಚಾಕು ಹಲಗೆಗೆ ತಾಗುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಪತ್ತೇದಾರಿಣಿ ಬಂದು ಎದುರು ನಿಂತಳು. ಅವನು ತಲೆ ಎತ್ತಲಿಲ್ಲ. ಟಕ್, ಟಕ್, ಟಕ್. “ನಿನಗೆ ಏನೂ ಕೇಳಬೇಕು ಅನ್ನಿಸಲಿಲ್ಲವಾ?” ಎಂದಳು ಅವಳು. ಚಾಕು ನಿಂತಿತು. ಅವನು ನಿಧಾನವಾಗಿ ತಲೆ ಎತ್ತಿದ. ಎರಡೂ ಕೆನ್ನೆಯ ಮೇಲೆ ಕಣ್ಣೀರು.

“ಎಂಟೂ ನಾನೇ ಮಾಡಿದ್ದು,” ಎಂದ.

ಪರದೆ ಕಪ್ಪಾಯಿತು, ದೀಪ ಬಂತು. ಇನ್ನೂರು ತಲೆಗಳು ಒಟ್ಟಿಗೆ ಆಥೊಲ್ ಕಡೆ ತಿರುಗಿದವು. ಅವನ ಸಾಲಿನಲ್ಲಿದ್ದವರು ಕುರ್ಚಿಯನ್ನು ಸದ್ದಿಲ್ಲದೆ ಒಂದೊಂದು ಗೇಣು ಆಚೆ ಸರಿಸಿದರು. ನಮ್ಮ ಕಾನ್‌ಸ್ಟೇಬಲ್ ಮೈಮರೆತು ಸೊಂಟದ ಬೇಡಿ ಮುಟ್ಟಿ ನೋಡಿಕೊಂಡ. ನೋಲೀನ್ ಮಾತ್ರ ಗಂಡನ ತೋಳನ್ನು ಎರಡೂ ಕೈಯಲ್ಲಿ ಹಿಡಿದಳು.

“ಎಂಟಾ!” ಎಂದಳು. “ಎಂಟು ಜನ! ನನಗೊಂದು ಮಾತು ಹೇಳಿದ್ಯಾ?”

ನಲವತ್ತು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಆ ಕಣ್ಣಿನಿಂದ ನೋಡಿದ್ದನ್ನು ನಾನು ಕಂಡಿರಲಿಲ್ಲ.

ಗಾರ್ಥ್ ಗಂಟಲು ಸರಿಮಾಡಿಕೊಂಡ. “ನಂಗೇನೂ ಆಶ್ಚರ್ಯ ಇಲ್ಲ. ಪುಸ್ತಕ ಓದಿದೋರಿಗೆಲ್ಲ ಮೊದಲೇ ಗೊತ್ತು.”

“ಗೊತ್ತಿತ್ತು, ಗೊತ್ತಿತ್ತು,” ಎಂದಿತು ಶೆಡ್ಡು.

ಎಲ್ಲರೂ ಹೊರಗೆ ಬಂದರು. ಆಥೊಲ್‌ಗೆ ದಾರಿ ತಾನಾಗಿ ಬಿಟ್ಟುಕೊಂಡಿತು. ಗಾರ್ಥ್ ಇಕ್ಕಳವನ್ನು ಎರಡೂ ಕೈಯಲ್ಲಿ ಎತ್ತಿ, ಆಪರೇಷನ್‌ಗೆ ಕಾದಿರುವ ಮಂಡಿಯನ್ನು ಕೊಂಚ ಬಗ್ಗಿಸಿ ಒಪ್ಪಿಸಿದ. “ತಗೋ... ಆಥೊಲ್. ತಗೊಳ್ಳಿ.” ಬಹುವಚನ! ಡೆನ್ಝಿಲ್ ತಾನಾಗಿ ಎರಡು ಹೆಜ್ಜೆ ಹಿಂದೆ ಸರಿದ.

ಆಥೊಲ್ ಇಕ್ಕಳ ಹಿಡಿದ. ಮೂವತ್ತೊಂದು ವರ್ಷ. ಟಕ್, ಎನ್ನಿಸಿದ.

ಎರಡನೇ ಟಕ್ ಬರುವ ಮುಂಚೆ ಹಿಂದಿನಿಂದ ಕೋಲು ನೆಲಕ್ಕೆ ಬಡಿದ ಸದ್ದು ಬಂತು.

“ಗಾರ್ಥ್ ಹ್ಯಾನಿಗನ್!” ಮಿಸ್ ಇಸೊಬೆಲ್ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಐವತ್ತೆಂಟು ವರ್ಷದ ಗಾರ್ಥ್ ಬೆನ್ನು ನೆಟ್ಟಗೆ ಮಾಡಿದ. “ನನ್ನ ಪುಸ್ತಕದಲ್ಲಿ ಕೊಲೆ ಮಾಡಿದ್ದು ಡಾಕ್ಟರು.”

ಡೆನ್ಝಿಲ್ ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳಿದ: “ಮಿಸ್, ಡಾಕ್ಟರು ಎರಡನೇ ವಾರಾನೇ ಸತ್ತೋದ್ರಲ್ಲ.”

“ನಾನು ಬರೆದಿದ್ದೀನಿ ಕಣೋ!”

“ಆಥೊಲ್ ಮಿಸ್. ಈರುಳ್ಳಿ. ನೀವೇ ಬರ್ದಿದ್ದು, ಮರ್ತಿದೀರ ಅಷ್ಟೇ.”

“ಎಂಬತ್ತಮೂರಾಯ್ತಲ್ಲ, ಪಾಪ,” ಎಂದು ಯಾರೋ ಪಿಸುಗುಟ್ಟಿದರು. ಹೊಸ ಬ್ಯಾಟರಿ, ಅವರಿಗೆ ಕೇಳಿಸಿತು.

ಅವರು ಸುತ್ತ ನೋಡಿದರು. “ನನ್ನ ಪುಸ್ತಕ ಯಾರ್ಯಾರು ಓದಿದೀರ? ಕೈ ಎತ್ತಿ.”

ಇನ್ನೂರು ಕೈ ಎದ್ದವು. ನಲವತ್ತು ವರ್ಷ ತರಗತಿಯಲ್ಲಿ ಅವರು ಪ್ರಶ್ನೆ ಕೇಳಿದಾಗ ಒಂದೂ ಏಳದಿದ್ದ ಕೈಗಳು.

“ಡಾಕ್ಟರು ಅಂತ ಯಾರು ಓದಿದೀರ?”

ಎಲ್ಲ ಕೈಗಳೂ ಇಳಿದವು, ನನ್ನದೊಂದು ಬಿಟ್ಟು. “ಡಾಕ್ಟರೇ ಮಿಸ್,” ಎಂದೆ. “ಹೆಸ್ಟರ್‌ಗೆ ಯಾವಾಗ್ಲೂ ಕರುಣೆ ಜಾಸ್ತಿ,” ಎಂದರು ಹಿಂದಿನವರು.

“ಒಂದು ಪ್ರತಿ ತಾರಮ್ಮ ಹಾಗಾದ್ರೆ.”

“ಆರೂ ಹೊರಗೆ ಹೋಗಿವೆ ಮಿಸ್.” ಯಾರು ಒಯ್ದರೆಂದು ಗ್ರಂಥಪಾಲಕಿ ಹೇಳುವಂತಿಲ್ಲ, ಅದು ನಮ್ಮ ವೃತ್ತಿಯ ನೇಮ. ಆ ನೇಮವನ್ನು ನಾನು ಅಷ್ಟು ಶಪಿಸಿದ ದಿನ ಇನ್ನೊಂದಿಲ್ಲ.

ಮಿಸ್ ಇಸೊಬೆಲ್ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತರು. ಕೋಲು ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ. “ನಾಲ್ಕು ವರ್ಷ ಕೂತು ಬರೆದೆ,” ಎಂದರು, ತಮಗೇ ಹೇಳಿಕೊಳ್ಳುವಂತೆ. “ಡಾಕ್ಟರೇ ಅಂತ... ಅಲ್ವಾ? ನನಗೇ ಮರ್ತೋಯ್ತಾ?” ಎಂಥ ಲೆಕ್ಕವಾದರೂ ಬೋರ್ಡಿನ ಮೇಲೆ ಅಳಿಸದೆ ಬಿಡಿಸುತ್ತಿದ್ದ ಹೆಂಗಸು.

ನಾನು ಆಥೊಲ್ ಕಡೆ ನೋಡಿದೆ. ಇಕ್ಕಳ ಅವನ ಕೈಯಲ್ಲಿ ಅರ್ಧ ತೆರೆದೇ ಇತ್ತು. ಅವನು ಅದನ್ನು ಬಿಳಿ ಬಟ್ಟೆಯ ಮೇಲೆ ಇಟ್ಟ. ರಸ್ತೆ ದಾಟಿ, ಮೂರು ಮನೆ ಆಚೆಯ ತನ್ನ ಮನೆಗೆ ಹೋದ. ಜನ ಅಲುಗದೆ ನಿಂತರು. ಕೊಲೆಗಾರ ಮನೆಗೆ ಹೋದರೆ ಏನು ತರುತ್ತಾನೋ ಯಾರಿಗೆ ಗೊತ್ತು? ಅವನು ಹುಲ್ಲಿನ ಚೀಲ ಹೊತ್ತು ಬಂದ. ಕಾನ್‌ಸ್ಟೇಬಲ್ ಮುಂದೆ ಬಂದ. ಚೀಲದಿಂದ ಆಥೊಲ್ ನಾಲ್ಕನೇ ಪ್ರತಿ ತೆಗೆದ.

“ಆರೂ ನನ್ನತ್ರಾನೇ ಇದಾವೆ,” ಎಂದ. ಪುಸ್ತಕ ತಾನಾಗಿ ತೆರೆದುಕೊಂಡಿತು. “ಪುಟ ಮುನ್ನೂರ ಹನ್ನೊಂದು. ‘ಸಾಸಿವೆ ಬಣ್ಣದ ಟೋಪಿಯವನೊಬ್ಬ ಈರುಳ್ಳಿ ಹೆಚ್ಚುತ್ತಿದ್ದ. ಅವನು ತಲೆ ಎತ್ತಲಿಲ್ಲ.’ ಇಷ್ಟೇ. ನಾನು ಈ ಪುಸ್ತಕದಲ್ಲಿ ಇರೋದು ಇಷ್ಟೇ. ಕೊಲೆ ಮಾಡಿದ್ದು ಡಾಕ್ಟರು. ನಾನೂರ ಅರವತ್ತನೇ ಪುಟದಲ್ಲಿ ಒಪ್ಕೋತಾನೆ. ಮಿಸ್, ನಿಮಗೇನೂ ಮರ್ತಿಲ್ಲ.” ಆಮೇಲೆ ಹೆಂಡತಿಯ ಕಡೆ ತಿರುಗಿದ. “ನೋಲೀನ್, ಒಬ್ರನ್ನೂ ಕೊಂದಿಲ್ಲ ಕಣೇ. ಕ್ಷಮಿಸು.”

ಅವನು ಈರುಳ್ಳಿ ಮೇಜಿಗೆ ಹೋಗಿ ಚಾಕು ಎತ್ತಿಕೊಂಡ.

ಇನ್ನು ನಗೆ ಏಳುತ್ತದೆ ಎಂದುಕೊಂಡೆ. ಏಳಲಿಲ್ಲ. ಗಾರ್ಥ್ ಬಾಯಿ ಅರ್ಧ ತೆರೆದು ನಿಂತಿದ್ದ.

“ಒಂದ್ನಿಮಿಷ,” ಎಂದ. “ನೀನು ಮುನ್ನೂರ ಹನ್ನೊಂದರವರೆಗೂ ಓದಿದೀಯಾ?”

“ಕೊನೇವರೆಗೂ.”

“ಆ... ಅಲೆ ಲೆಕ್ಕಾನೂ?” ಕೇಳಿದ ಮೇಲೆ ಗಾರ್ಥ್ ತುಟಿ ಕಚ್ಚಿಕೊಂಡ. ತಡವಾಗಿತ್ತು. ಆದರೆ ಯಾರೂ ಅವನನ್ನು ನೋಡುತ್ತಿರಲಿಲ್ಲ. ಎಲ್ಲರಿಗೂ ಅದೇ ಉತ್ತರ ಬೇಕಿತ್ತು.

“ಹೂಂ, ಹನ್ನೊಂದು ಪುಟಾನೂ. ವರ್ಷಕ್ಕೊಂದ್ಸಲ. ಅದರಲ್ಲಿ ಒಂದು ತಪ್ಪಿದೆ.”

ಮಿಸ್ ಇಸೊಬೆಲ್ ತಲೆ ಎತ್ತಿದರು. “ತಪ್ಪಾ? ಎಲ್ಲಿ?”

“ನಲವತ್ತೊಂದನೇ ಪುಟ ಮಿಸ್. ಗುರುವಾರದ ಉಬ್ಬರ. ಇಪ್ಪತ್ತು ನಿಮಿಷ ಮುಂಚೆ ಬರ್ಬೇಕು.”

ಅವರು ಪುಸ್ತಕ ತರಿಸಿಕೊಂಡು ಕನ್ನಡಕ ಹಾಕಿಕೊಂಡರು. ಬೆರಳು ಕೋಷ್ಟಕದ ಮೇಲೆ ಇಳಿಯಿತು, ತುಟಿ ಅಲುಗಿತು. ಒಂದು ನಾಯಿ ಬೊಗಳಿದರೆ ನಾಲ್ಕು ಜನ ಅದರ ಬಾಯಿ ಹಿಡಿದರು. “ಹೌದು ಕಣೋ,” ಎಂದರು ಕೊನೆಗೆ. “ಟಕ್‌ವೆಲ್, ನೀನು ಹೇಳೋದೇ ಸರಿ.” ಅವರ ದನಿ ಮತ್ತೆ ಅವರದೇ ಆಗಿತ್ತು.

ಮಿಸ್ ಇಸೊಬೆಲ್ ಕ್ರೂಕ್ಸ್ ಈ ಊರಿನಲ್ಲಿ ಒಬ್ಬರಿಗೆ ‘ನೀನು ಹೇಳೋದೇ ಸರಿ’ ಎಂದದ್ದು ಅದೇ ಮೊದಲು. ಎಂಟು ಕೊಲೆ ಮಾಡಿದಾಗ ಜನ ಅವನಿಂದ ಒಂದು ಗೇಣು ಸರಿದಿದ್ದರು. ಈಗ ಅಷ್ಟೂ ಜನ ಹತ್ತಿರ ಬಂದು ಮುಟ್ಟಿ ನೋಡಿದರು. ಕಾನ್‌ಸ್ಟೇಬಲ್ ಕೈ ಕುಲುಕಿದ. “ನಾನೂರ ಎಂಬತ್ತು ಪುಟ,” ಎಂದ ಡೆನ್ಝಿಲ್, ಗುಡಿಯೊಳಗೆ ಮಾತಾಡುವ ದನಿಯಲ್ಲಿ. “ಲೆಕ್ಕ ಸಮೇತ!” ನೋಲೀನ್ ಮನೆಗೆ ಓಡಿ ಬೀರುವಿನಿಂದ ಟೋಪಿ ತಂದು ಎಲ್ಲರೆದುರು ಗಂಡನ ತಲೆಗೆ ಹಾಕಿ, ಕಿವಿಯವರೆಗೆ ಎಳೆದಳು.

ಗಾರ್ಥ್ ಬಂದು ಅವನ ಕೈಯಿಂದ ಚಾಕು ಕಿತ್ತುಕೊಂಡು ಇಕ್ಕಳ ಇಟ್ಟ. “ಹ್ಯಾನಿಗನ್ ಮಾತು ಅಂದ್ರೆ ಮಾತು,” ಎಂದ.

ಆಥೊಲ್ ಒಲೆಯ ಮುಂದೆ ನಿಂತ. ಟಕ್ ಟಕ್. ಜನ ಸಾಲಿನಲ್ಲಿ ನಿಂತರು. ಸಾಸೇಜ್‌ಗಳು ಒಂದು ಮಗ್ಗುಲು ಕರಕಲಾದವು, ಇನ್ನೊಂದು ಮಗ್ಗುಲು ಹಸಿ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಇಕ್ಕಳ ಹಿಡಿದವನಿಗೆ ಬುದ್ಧಿ ಹೇಳುವಂತಿಲ್ಲ.

ಈರುಳ್ಳಿಗೆ ಜನ ಬೇಕಿತ್ತಲ್ಲ, ಗಾರ್ಥ್‌ನೇ ಕುರ್ಚಿ ಹಾಕಿಕೊಂಡು ಕೂತಿದ್ದ. ನಾಲ್ಕನೆಯದಕ್ಕೇ ಅವನ ಕಣ್ಣು, ಮೂಗು ಎಲ್ಲ ಧಾರೆ. “ಅಯ್ಯಯ್ಯಪ್ಪಾ! ಮೂವತ್ತೊಂದು ವರ್ಷ ಇದನ್ನ ಹೆಂಗಯ್ಯಾ ಮಾಡ್ದೆ ಮಾರಾಯ?”

“ತಲೆ ಎತ್ತಬಾರ್ದು,” ಎಂದ ಆಥೊಲ್, ಸಾಸೇಜ್ ಮಗುಚುತ್ತಾ.

“ಯಾಕೆ?”

“ಎತ್ತಿದ್ರೆ ಎದುರಿಗೆ ಇಕ್ಕಳ ಕಾಣ್ಸುತ್ತೆ. ಆಮೇಲೆ ಬರೋ ಕಣ್ಣೀರನ್ನ ಈರುಳ್ಳಿ ಮೇಲೆ ಹಾಕಕ್ಕಾಗಲ್ಲ.”

ಗಾರ್ಥ್ ಅವನನ್ನು ಒಂದು ಗಳಿಗೆ ನೋಡಿದ. ಆಮೇಲೆ ಇನ್ನೊಂದು ಈರುಳ್ಳಿ ತೆಗೆದುಕೊಂಡು ಹೆಚ್ಚತೊಡಗಿದ. ಮತ್ತೆ ತಲೆ ಎತ್ತಲಿಲ್ಲ.